ಗಾಜಿನ ತೊಟ್ಟಿಗೆ ಬಂದ ಕಡಲ ಮೀನು

ಬೇಸಿಗೆ ರಜೆ ಬಂತೆಂದರೆ ಹಾಸನ, ಚನ್ನರಾಯಪಟ್ಟಣದ ಕಡೆಯ ಮಕ್ಕಳು ಬೆಂಗಳೂರು, ಮಂಗಳೂರಿನ ನೆಂಟರ ಮನೆಗೆ ಹೋಗುವುದುಂಟು. ಹಾಗೆ ಹೋದ ಮಗು ಅಲಂಕಾರದ ಮೀನು ಮಾರುವ ಅಂಗಡಿಯ ಮುಂದೆ ನಿಂತುಬಿಟ್ಟರೆ ಅಪ್ಪನ ಜೇಬಿಗೆ ಕಷ್ಟಕಾಲ. ಹೊಳೆಯುವ ನೀಲಿ ಬೆಳಕು, ನಡುವೆ ಬೆರಳುದ್ದದ ಒಂದು ಮರಿಮೀನು. ಬಿಳಿ ಮೈ, ಬೆನ್ನ ಮೇಲೆ ಎರಡು ಕಿತ್ತಳೆ ಮಚ್ಚೆ, ರೆಕ್ಕೆಯಲ್ಲಿ ಕಣ್ಣಿನಂತೆ ಕಾಣುವ ಎರಡು ಕಪ್ಪು ಬೊಟ್ಟು. 'ಇದೊಂದನ್ನು ಕೊಡಿಸಿದರೆ ಸಾಕು' ಎನ್ನುತ್ತದೆ ಮಗು. ಬೆಲೆ ಎಷ್ಟು, ಏನು ತಿನ್ನುತ್ತದೆ ಎಂದು ಅಪ್ಪ ಕೇಳುತ್ತಾರೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ಇಬ್ಬರೂ ಮರೆಯುತ್ತಾರೆ: ಇದು ಬೆಳೆದರೆ ಎಷ್ಟು ದೊಡ್ಡದಾಗುತ್ತದೆ?

ಕ್ಲೌನ್ ಕೋರಿಸ್ ಎಂಬ ಈ ಮೀನು ಪೂರ್ತಿ ಬೆಳೆದಾಗ 120 ಸೆಂಟಿಮೀಟರ್ ಮುಟ್ಟಬಲ್ಲದು. ಅದು ಒಂದನೇ ತರಗತಿಯ ಮಗುವಿನ ಎತ್ತರ. ಬೆಳೆದಂತೆ ಬಿಳಿ ಬಣ್ಣವೂ ಕಿತ್ತಳೆ ಮಚ್ಚೆಯೂ ಮಾಯವಾಗಿ ಮೈ ಕಡುಹಸಿರಿಗೆ ತಿರುಗುತ್ತದೆ, ಗಂಡಿನ ಹಣೆಯಲ್ಲಿ ಡುಬ್ಬ ಏಳುತ್ತದೆ. ಅಂಗಡಿಯಲ್ಲಿ ಕಂಡ ಮೀನಿಗೂ ಮನೆಯಲ್ಲಿ ಸಾಕಬೇಕಾದ ಮೀನಿಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆಯೇ ಇಲ್ಲ.

ರ‍್ಯಾಸ್ ಎಂಬ ಕುಟುಂಬ

ಈ ಮೀನು ರ‍್ಯಾಸ್ ಎಂಬ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ಐನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬೆಚ್ಚನೆಯ ಕಡಲಿನ ಹವಳದ ದಿಬ್ಬಗಳು, ಬಂಡೆಗಳು ಇವುಗಳ ಮೆಚ್ಚಿನ ತಾಣ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಇವು ಧಾರಾಳವಾಗಿವೆ. ನಮ್ಮ ರಾಜ್ಯದವೇ ಆದ ರ‍್ಯಾಸ್‌ಗಳನ್ನು ನೋಡಬೇಕೆಂದರೆ ಮುರ್ಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಮುಳುಗು ಹಾಕಬೇಕು. ಇವುಗಳಲ್ಲಿ ಬೆರಳಿಗಿಂತ ಚಿಕ್ಕವೂ ಉಂಟು, ಎರಡು ಮೀಟರ್ ಉದ್ದ ಬೆಳೆಯುವ ಡುಬ್ಬದ ತಲೆಯ ರ‍್ಯಾಸ್ ಎಂಬ ದೈತ್ಯವೂ ಉಂಟು. ಈ ದೈತ್ಯನ ಸಂಖ್ಯೆ ಕುಸಿದದ್ದರಿಂದ 2004ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಲಾಯಿತು.

ಮನೆಯ ತೊಟ್ಟಿಗೆ ಹೆಚ್ಚಾಗಿ ಬರುವುದು ಇವೆರಡರ ನಡುವಿನ ಗಾತ್ರದ ಮೀನುಗಳು. ಚಂದ್ರ ರ‍್ಯಾಸ್ ಅಂಥದೊಂದು. ಹಸಿರು ಮೈ, ಮುಖದ ಮೇಲೆ ಗುಲಾಬಿ ಗೆರೆಗಳು, ಬಾಲದಲ್ಲಿ ಹಳದಿ ಅರ್ಧಚಂದ್ರ. ಸಾಮಾನ್ಯವಾಗಿ 25 ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಕೆಲವು ಇನ್ನೂ ದೊಡ್ಡವಾಗುತ್ತವೆ. ಈ ಬರಹದ ಲೆಕ್ಕಗಳಿಗೆಲ್ಲ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ನಿಲ್ಲಲೊಲ್ಲದ ಮೀನು

ಹೆಚ್ಚಿನ ಮೀನುಗಳು ಬಾಲವನ್ನು ಬೀಸಿ ಈಜುತ್ತವೆ. ರ‍್ಯಾಸ್ ಹಾಗಲ್ಲ. ಕಿವಿರಿನ ಹಿಂದಿರುವ ಎರಡು ಪಕ್ಕರೆಕ್ಕೆಗಳನ್ನು ದೋಣಿಯ ಹುಟ್ಟಿನಂತೆ ಬಡಿಯುತ್ತ ಮುಂದೆ ಸಾಗುತ್ತದೆ, ಅವಸರವಾದಾಗ ಮಾತ್ರ ಬಾಲಕ್ಕೆ ಕೆಲಸ. ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಚಂದ್ರ ರ‍್ಯಾಸ್ ಸುಮ್ಮನೆ ನಿಲ್ಲುವುದೇ ಅಪರೂಪ. ಬಂಡೆಯಿಂದ ಬಂಡೆಗೆ ಹೋಗುತ್ತ ಸೀಗಡಿ, ಏಡಿಮರಿ, ಹುಳು, ಬೇರೆ ಮೀನಿನ ಮೊಟ್ಟೆಗಳನ್ನು ಹುಡುಕಿ ತಿನ್ನುತ್ತಿರುತ್ತದೆ. ರಾತ್ರಿಯಾದರೆ ಬಂಡೆಯ ಸಂದಿಗೆ ನುಸುಳಿ ಮಲಗುತ್ತದೆ. ಇದರ ನೆಂಟ ಕೋರಿಸ್ ಮರಳಿನೊಳಗೇ ಹೂತುಕೊಂಡು ನಿದ್ದೆ ಮಾಡುತ್ತದೆ, ಹೆದರಿದರೂ ಮರಳಿಗೇ ಧುಮುಕುತ್ತದೆ. ತೊಟ್ಟಿಯ ತಳದಲ್ಲಿ ನಾಲ್ಕು ಬೆರಳಗಲದಷ್ಟಾದರೂ ನುಣ್ಣನೆಯ ಮರಳು ಇಲ್ಲದಿದ್ದರೆ ಅದು ಗಾಜಿಗೆ ಮೂತಿ ಬಡಿದು ಗಾಯ ಮಾಡಿಕೊಳ್ಳುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. 25 ಸೆಂಟಿಮೀಟರಿನ ಮೀನು ಸೆಕೆಂಡಿಗೆ ತನ್ನ ಮೈಯುದ್ದದಷ್ಟೇ ದೂರ ಆರಾಮವಾಗಿ ಸಾಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಅಡಿ, ಎಂದರೆ 61 ಸೆಂಟಿಮೀಟರಿನ ತೊಟ್ಟಿಯಲ್ಲಿ ಎರಡೂವರೆ ಸೆಕೆಂಡಿಗೊಮ್ಮೆ ಗೋಡೆ ಎದುರಾಗುತ್ತದೆ. ಗಂಟೆಗೆ ಸುಮಾರು ಒಂದೂವರೆ ಸಾವಿರ ಸಲ ಅದು ಹಿಂದೆ ತಿರುಗಬೇಕು. ಆರು ಅಡಿಯ ತೊಟ್ಟಿಯಾದರೆ ಗಂಟೆಗೆ ಸುಮಾರು ಐನೂರು ಸಲ. ಆರು ಅಡಿಯ ತೊಟ್ಟಿಯೂ ದೊಡ್ಡದಲ್ಲ ಎಂಬುದು ಈ ಅಂದಾಜಿನಿಂದಲೇ ಗೊತ್ತಾಗುತ್ತದೆ. ಅನುಭವವಿರುವ ಸಾಕಣೆದಾರರು ಇಂಥ ಮೀನಿಗೆ ಆರಡಿಗಿಂತ ಕಡಿಮೆ ಬೇಡ ಎನ್ನುವುದು ಸುಮ್ಮನೆ ಅಲ್ಲ.

ತೊಟ್ಟಿಗೆ ಮುಚ್ಚಳವೂ ಕಡ್ಡಾಯ. ಬೆದರಿದ ರ‍್ಯಾಸ್ ನೀರಿನಿಂದ ಮೇಲಕ್ಕೆ ಚಿಮ್ಮುತ್ತದೆ. ಬೆಳಿಗ್ಗೆ ಎದ್ದಾಗ ಮೀನು ನೆಲದ ಮೇಲೆ ಒಣಗಿ ಬಿದ್ದಿರುವುದನ್ನು ಮಗು ನೋಡುವಂತಾಗಬಾರದು.

ಕಡಲನ್ನು ಮನೆಗೆ ತರುವುದು

ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ 24 ಘನ ಅಡಿಯದು. ಅದರಲ್ಲಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಕಡಲ ನೀರು ಸಿಹಿನೀರಿಗಿಂತ ಭಾರವಾದ್ದರಿಂದ ಇದರ ತೂಕ ಸುಮಾರು 700 ಕಿಲೋ. ಹದಿನಾಲ್ಕು ಸಿಮೆಂಟ್ ಚೀಲಗಳನ್ನು ಒಂದೇ ಮೇಜಿನ ಮೇಲೆ ಪೇರಿಸಿದಷ್ಟು! ಗಾಜು, ಮರಳು, ಕಲ್ಲಿನ ತೂಕ ಬೇರೆ. ಹಳೆಯ ಮನೆಯ ಅಟ್ಟದ ಮೇಲೋ ತೆಳ್ಳನೆಯ ಕಡಪಾ ಕಲ್ಲಿನ ಮೇಲೋ ಇಡುವ ವಸ್ತು ಇದಲ್ಲ.

ಹಾಸನಕ್ಕೆ ಹತ್ತಿರದ ಕಡಲೆಂದರೆ ಮಂಗಳೂರು. ಶಿರಾಡಿ ಘಾಟಿ ಇಳಿದು ಸುಮಾರು 170 ಕಿಲೋಮೀಟರ್ ಹೋಗಬೇಕು. ಪ್ರತಿ ಸಲ ಅಲ್ಲಿಂದ ನೀರು ಹೊತ್ತು ತರುವುದು ಆಗದ ಮಾತು. ಹಾಗಾಗಿ ಕಡಲ ನೀರನ್ನು ಮನೆಯಲ್ಲೇ ತಯಾರಿಸಬೇಕು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. 680 ಲೀಟರಿಗೆ ಸುಮಾರು 24 ಕಿಲೋ ಆಯಿತು. ಅಡಿಗೆಮನೆಯ ಉಪ್ಪನ್ನೇ ಸುರಿದರೆ ಆಗದೆ? ಆಗದು. ಕಡಲ ಲವಣದ ತೂಕದಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಸೇರಿ ಶೇಕಡ 85ರಷ್ಟು ಮಾತ್ರ. ಉಳಿದುದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಮೀನಿನ ಮೈಗೆ ಇವೆಲ್ಲವೂ ಬೇಕು. ಇದಕ್ಕೆಂದೇ ತಯಾರಿಸಿದ ಲವಣ ಮಿಶ್ರಣವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ.

ಲವಣ ಬೆರೆಸುವ ನೀರು ಎಂಥದು ಎಂಬುದೂ ಮುಖ್ಯ. ಹೊಳೆನರಸೀಪುರದಲ್ಲಿ ಹೇಮಾವತಿಯೇ ಊರ ಪಕ್ಕದಲ್ಲಿ ಹರಿಯುತ್ತಾಳೆ. ಕೊಳವೆಬಾವಿಯನ್ನೇ ನಂಬಿದ ಮನೆಗಳ ಕಥೆ ಬೇರೆ. ಬಚ್ಚಲಿನ ಹಂಡೆಯಲ್ಲಿ ಬಿಳಿಯ ಚಕ್ಕೆ ಕಟ್ಟುವ ಗಡಸು ನೀರಿನಲ್ಲಿ ಬೇಡದ ಲವಣಗಳು ಮೊದಲೇ ಸೇರಿರುತ್ತವೆ. ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಆದ್ದರಿಂದ ಶುದ್ಧೀಕರಿಸಿದ ನೀರನ್ನೇ ಬಳಸಬೇಕು. ತಿಂಗಳಿಗೊಮ್ಮೆ ಐದರಲ್ಲಿ ಒಂದು ಭಾಗ ನೀರು ಬದಲಾಯಿಸಿದರೆ ಪ್ರತಿ ತಿಂಗಳೂ 136 ಲೀಟರ್ ನೀರು, ಐದು ಕಿಲೋದಷ್ಟು ಲವಣ ಬೇಕು.

ಇಲ್ಲಿ ಮಕ್ಕಳು ಒಂದು ವಿಷಯ ಗಮನಿಸಬೇಕು. ತೊಟ್ಟಿಯ ನೀರು ದಿನವೂ ಸ್ವಲ್ಪ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಇಳಿದುಹೋದ ನೀರಿನ ಜಾಗಕ್ಕೆ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ತುಂಬಿದರೆ ದಿನದಿಂದ ದಿನಕ್ಕೆ ಲವಣಾಂಶ ಏರುತ್ತ ಹೋಗುತ್ತದೆ. ಉಪ್ಪಿನ ಗದ್ದೆಯಲ್ಲಿ ನಡೆಯುವುದೂ ಇದೇ ತಾನೆ?

ಘಟ್ಟದ ಮೇಲಿನ ಉಸಿರು

ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಮೀನು ಉಸಿರಾಡುವುದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರಿನ ಒಂದು ಲೀಟರಿನಲ್ಲಿ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. ಅಷ್ಟೇ ಉಷ್ಣತೆಯ ಕಡಲ ನೀರಿನಲ್ಲಾದರೆ 6.8 ಮಿಲಿಗ್ರಾಂ ಮಾತ್ರ. ಉಪ್ಪು ಹೆಚ್ಚಿದಂತೆ ಅನಿಲಕ್ಕೆ ಜಾಗ ಕಡಿಮೆ.

ಈ ಅಂಕಿ ಕಡಲ ದಂಡೆಗೆ ಸರಿ. ಹಾಸನ ಇರುವುದು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ದಂಡೆಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಒತ್ತಡ ಇಳಿದಷ್ಟೂ ನೀರಿನಲ್ಲಿ ಅನಿಲ ಕರಗುವುದೂ ಇಳಿಯುತ್ತದೆ. ಹೀಗಾಗಿ ಇಲ್ಲಿನ ತೊಟ್ಟಿಯ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ ಸಿಕ್ಕರೆ ಪುಣ್ಯ. ದಿನವಿಡೀ ಈಜುವ ಮೀನಿಗೆ ಆಮ್ಲಜನಕ ಹೆಚ್ಚು ಬೇಕು. ನೀರನ್ನು ಕಲಕುತ್ತಿರುವ ಪಂಪು ಹಗಲೂ ರಾತ್ರಿ ಓಡುತ್ತಿರಬೇಕು.

ಈಗ ಕರೆಂಟು ಹೋಯಿತು ಎನ್ನಿ. ಮುಂಗಾರಿನ ಗಾಳಿಗೆ ಮರ ಬಿದ್ದು ಅರಕಲಗೂಡಿನ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿಯಿಡೀ ವಿದ್ಯುತ್ ಇಲ್ಲದೆ ಹೋದರೆ ಮನೆಯವರು ದೀಪ ಹಚ್ಚಿಕೊಂಡು ಕಾಲ ಕಳೆಯುತ್ತಾರೆ. ತೊಟ್ಟಿಯ ಮೀನು ಇದ್ದಷ್ಟೇ ಉಸಿರಿನಲ್ಲಿ ಬೆಳಗಿನವರೆಗೆ ಬದುಕಬೇಕು. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಇಲ್ಲದ ಮನೆಯಲ್ಲಿ ಕಡಲ ತೊಟ್ಟಿ ಇಡುವುದೇ ತಪ್ಪು.

ಕಣ್ಣಿಗೆ ಕಾಣದ ಆಳುಗಳು

ಮೀನು ತಿಂದದ್ದರಲ್ಲಿ ಒಂದಷ್ಟು ಅಮೋನಿಯವಾಗಿ ನೀರಿಗೆ ಸೇರುತ್ತದೆ. ಅಮೋನಿಯ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಲದ ಮಣ್ಣಿನಲ್ಲಿ ನಡೆಯುವ ಇದೇ ಕೆಲಸವನ್ನು ಹೈಸ್ಕೂಲಿನ ಪಾಠದಲ್ಲಿ ಸಾರಜನಕ ಚಕ್ರವೆಂದು ಓದುತ್ತೇವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಕಲ್ಲು, ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕಾಯುವ ತಾಳ್ಮೆ ಮಗುವಿಗಿರಲಿ, ದೊಡ್ಡವರಿಗೂ ಕಷ್ಟ. ತೊಟ್ಟಿ, ನೀರು, ಮೀನು ಮೂರನ್ನೂ ಒಂದೇ ದಿನ ತಂದ ಮನೆಗಳಲ್ಲಿ ಮೀನು ಸಾಯುವುದಕ್ಕೆ ಮುಖ್ಯ ಕಾರಣ ಇದೇ. 'ನಮ್ಮ ಕೈಗುಣವೇ ಸರಿಯಿಲ್ಲ' ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಕೈಗುಣದ ಮಾತಲ್ಲ ಅದು, ರಸಾಯನಶಾಸ್ತ್ರದ ಮಾತು.

ರ‍್ಯಾಸ್ ದಿನಕ್ಕೆ ಎರಡು ಮೂರು ಸಲ ತಿನ್ನುವ ಮೀನು. ಸೀಗಡಿಯ ಚೂರು, ಮೀನಿನ ತುಂಡು ಬೇಕು. ಹೆಚ್ಚು ತಿಂದರೆ ಹೆಚ್ಚು ಕಸ. ಚಿಕ್ಕ ತೊಟ್ಟಿಯ ಬ್ಯಾಕ್ಟೀರಿಯಗಳು ಆ ಹೊರೆಯನ್ನು ಹೊರಲಾರವು. ಜೊತೆಗೆ ಚಂದ್ರ ರ‍್ಯಾಸ್ ಜಗಳಗಂಟ. ಚಿಕ್ಕ ಮೀನುಗಳನ್ನು ಅಟ್ಟಾಡಿಸುತ್ತದೆ, ಸೀಗಡಿಗಳನ್ನು ನುಂಗಿಯೇ ಬಿಡುತ್ತದೆ.

ಮೀನಿಗೂ ಬುದ್ಧಿಯುಂಟೆ?

'ಮೀನಿಗೇನು ಗೊತ್ತಾಗುತ್ತದೆ, ಎಲ್ಲಿದ್ದರೇನು' ಎನ್ನುವವರಿದ್ದಾರೆ. ರ‍್ಯಾಸ್ ಕುಟುಂಬವೇ ಅವರಿಗೆ ಉತ್ತರ ಹೇಳುತ್ತದೆ. 2009ರಲ್ಲಿ ಪೆಸಿಫಿಕ್ ಸಾಗರದ ಪಲಾವು ದ್ವೀಪಗಳ ಬಳಿ ಜಾಕೊಮೊ ಬರ್ನಾರ್ಡಿ ಎಂಬ ಜೀವವಿಜ್ಞಾನಿ ಈ ಕುಟುಂಬದ ಒಂದು ಮೀನನ್ನು ಚಿತ್ರೀಕರಿಸಿದರು. ಅದು ಮರಳಿನಿಂದ ಕಪ್ಪೆಚಿಪ್ಪನ್ನು ಅಗೆದು ತೆಗೆದು, ಬಾಯಲ್ಲಿ ಹಿಡಿದು ದೂರದ ಬಂಡೆಗೆ ಒಯ್ದು, ಬಡಿದು ಬಡಿದು ಒಡೆಯಿತು. ತೆಂಗಿನಕಾಯಿಯನ್ನು ಕಲ್ಲಿಗೆ ಹೊಡೆದು ಒಡೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಶುಚಿಗಾರ ರ‍್ಯಾಸ್ ಎಂಬ ಬೆರಳುದ್ದದ ಮೀನು ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಇದರ ಗುಂಪಿನಲ್ಲಿ ಒಂದೇ ಗಂಡು, ಉಳಿದವೆಲ್ಲ ಹೆಣ್ಣು. ಗಂಡು ಸತ್ತರೆ ಅತಿ ದೊಡ್ಡ ಹೆಣ್ಣೇ ಗಂಡಾಗಿ ಮಾರ್ಪಡುತ್ತದೆ ಎಂದು 1972ರಲ್ಲಿ ರಾಬರ್ಟ್‌ಸನ್ ಎಂಬ ವಿಜ್ಞಾನಿ ಪ್ರಕಟಿಸಿದರು. 2019ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಮೀನಿನ ಕತ್ತಿನ ಕೆಳಗೆ ಬಣ್ಣದ ಗುರುತು ಹಾಕಿ ಕನ್ನಡಿ ತೋರಿಸಿದ ಪ್ರಯೋಗವನ್ನು ವರದಿ ಮಾಡಿದರು. ಕನ್ನಡಿ ನೋಡಿದ ಮೀನು ಆ ಗುರುತನ್ನು ಅಳಿಸಲು ತಳಕ್ಕೆ ಹೋಗಿ ಕತ್ತನ್ನು ಉಜ್ಜಿತು. ಕನ್ನಡಿಯಲ್ಲಿರುವುದು ತಾನೇ ಎಂದು ಅದಕ್ಕೆ ತಿಳಿಯಿತೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಆದರೂ, ಮೀನಿಗೆ ಏನೂ ತಿಳಿಯದು ಎಂದು ಕೈತೊಳೆದುಕೊಳ್ಳುವುದು ಇನ್ನು ಕಷ್ಟ.

ಬಂದದ್ದು ಎಲ್ಲಿಂದ?

ಅಂಗಡಿಯ ಗಪ್ಪಿ, ಗೋಲ್ಡ್‌ಫಿಶ್‌ಗಳು ಸಾಕಣೆ ಕೊಳಗಳಲ್ಲಿ ಹುಟ್ಟಿದವು. ದೊಡ್ಡ ರ‍್ಯಾಸ್‌ಗಳು ಹಾಗಲ್ಲ, ಬಹುತೇಕ ಎಲ್ಲವೂ ಕಡಲಿನಿಂದ ಹಿಡಿದು ತಂದವು. ಆಗ್ನೇಯ ಏಷ್ಯದ ಕೆಲವೆಡೆ ಮೀನಿಗೆ ಮಂಕು ಬರಿಸಲು ಹವಳದ ಮೇಲೆ ಸಯನೈಡ್ ಚಿಮುಕಿಸುವ ಕೆಟ್ಟ ಪದ್ಧತಿಯೂ ಬೆಳೆದಿತ್ತು. ಅದರಿಂದ ಹಿಡಿದ ಮೀನಿನ ಜೊತೆ ಹಿಡಿಯದ ಜೀವಿಗಳೂ ಸಾಯುತ್ತವೆ. ತೊಟ್ಟಿಯ ಅಂದಕ್ಕೆಂದು ಹವಳ ಕೊಳ್ಳುವವರೂ ಎಚ್ಚರವಾಗಿರಬೇಕು. 2001ರಿಂದ ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳಿಗೂ ಕಡಲಕುದುರೆಗಳಿಗೂ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಅವನ್ನು ಹಿಡಿಯುವುದು, ಮಾರುವುದು ಅಪರಾಧ.

ಕಡಲ ಮೀನೇ ಬೇಕೆಂಬ ಮನೆಗೆ ಒಂದು ದಾರಿಯಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಕಡಲಿನಲ್ಲೂ ಈ ಚಿಕ್ಕ ಮೀನು ಒಂದೇ ಕಡಲಹೂವಿನ ಸುತ್ತ ಬಾಳುವುದರಿಂದ ಸಾಧಾರಣ ತೊಟ್ಟಿಯೂ ಅದಕ್ಕೆ ಸಾಲುತ್ತದೆ. ಇನ್ನು ಸಾಕಲಾಗದೆ ಬೇಸತ್ತವರು ಮೀನನ್ನು ಹೊಳೆಗೋ ಕೆರೆಗೋ ಬಿಡುವುದುಂಟು. ಕಡಲ ಮೀನಿಗೆ ಅದು ಬಿಡುಗಡೆಯಲ್ಲ. ಸಿಹಿನೀರು ಮೈಯೊಳಕ್ಕೆ ನುಗ್ಗಿ ಅದು ಬಹುಬೇಗ ಸಾಯುತ್ತದೆ. ಸಿಹಿನೀರಿನ ಪರದೇಶಿ ಮೀನಾದರೆ ಸಾಯದೆ ಬೆಳೆದು ನಮ್ಮ ಮೀನುಗಳ ಅನ್ನ ಕಸಿಯುತ್ತದೆ.

ರಾಮನಾಥಪುರದ ತೊಟ್ಟಿ

ದೊಡ್ಡ, ಚುರುಕಾದ ಮೀನನ್ನು ಹತ್ತಿರದಿಂದ ನೋಡಬೇಕೆಂಬ ಮಗುವಿನ ಆಸೆ ತಪ್ಪಲ್ಲ. ಅದಕ್ಕೆ ಹಾಸನ ಜಿಲ್ಲೆಯಲ್ಲೇ ಒಂದು ಜಾಗವಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ರಾಮೇಶ್ವರ ದೇವಾಲಯದ ಬಳಿ ಕಾವೇರಿಯ ವಹ್ನಿ ಪುಷ್ಕರಿಣಿ ಎಂಬ ಮಡುವಿದೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಸೋಪಾನದ ಮೇಲೆ ನಿಂತು ಪುರಿ ಎಸೆದರೆ ಕೈಯುದ್ದದ ಮಹಶೀರ್ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ.

ಕಾವೇರಿ ತೀರದವರು ಬಿಳಿಮೀನು ಎನ್ನುವ ಮಹಶೀರ್ ನಮ್ಮ ಹೊಳೆಗಳ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಎಂದರೆ 54 ಕಿಲೋ ತೂಗಿತ್ತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್‌ನ ಸರಿಯಾದ ವೈಜ್ಞಾನಿಕ ಹೆಸರು ಯಾವುದೆಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿಗೆ ತೀರ ಹತ್ತಿರವಾದ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ಮಳೆಗಾಲದಲ್ಲಿ ಹೊಳೆಯನ್ನು ಏರಿ ಹೋಗಿ ಮೊಟ್ಟೆಯಿಡುವ ಇಂಥ ಮೀನಿಗೆ ಅಣೆಕಟ್ಟು ಗಾಜಿನ ಗೋಡೆಯ ಹಾಗೆಯೇ ಅಡ್ಡ. ಸಿಡಿಮದ್ದು ಎಸೆದು ಮೀನು ಕೊಲ್ಲುವುದು, ಮರಳು ತೆಗೆಯುವುದು, ಚರಂಡಿ ನೀರು ಬಿಡುವುದು ಇವೂ ಸೇರಿಕೊಂಡಿವೆ.

ರಾಮನಾಥಪುರದಲ್ಲಿ ಮೀನನ್ನು ಸಾಕುವುದಕ್ಕೆ ಪಂಪು ಇಲ್ಲ, ಲವಣವಿಲ್ಲ, ಬ್ಯಾಟರಿ ಇಲ್ಲ. ಬಂಡೆಗೆ ಬಡಿದು ನೊರೆಯೇಳುವ ನೀರೇ ಆಮ್ಲಜನಕ ತರುತ್ತದೆ. ಕಲ್ಲಿನ ಮೇಲಿನ ಪಾಚಿ, ಬ್ಯಾಕ್ಟೀರಿಯಗಳೇ ಕೊಳೆ ಕಳೆಯುತ್ತವೆ. ಬೇಕೆಂದಾಗ ಮೀನು ಹೊಳೆಯ ಉದ್ದಕ್ಕೆ ಹೊರಟುಹೋಗಬಹುದು. ಮನುಷ್ಯರು ಮಾಡಿರುವುದು ಇಷ್ಟೇ: ಇಲ್ಲಿ ಬಲೆ ಹಾಕುವುದಿಲ್ಲ ಎಂಬ ಕಟ್ಟುಪಾಡನ್ನು ಒಪ್ಪಿಕೊಂಡಿದ್ದಾರೆ. ಅಲ್ಲಿಗೆ ಹೋಗುವವರು ಪುರಿಯನ್ನು ಹಿಡಿಯಷ್ಟೇ ಹಾಕಿ, ಪ್ಲಾಸ್ಟಿಕ್ ಚೀಲವನ್ನು ಜೇಬಿಗೆ ಹಾಕಿಕೊಂಡು ಬಂದರೆ ತಮ್ಮ ಪಾಲಿನ ಸಾಕಣೆ ಮಾಡಿದಂತೆಯೇ.

ಮಾಡಿ ನೋಡಿ

ಮೀನು ಕೊಡಿಸುವ ಮುನ್ನ ತಂದೆ ತಾಯಿ ಮಗುವಿನ ಕೈಗೆ ಒಂದು ಸೀಮೆಸುಣ್ಣವನ್ನೂ ಅಳತೆಪಟ್ಟಿಯನ್ನೂ ಕೊಡಲಿ. 25 ಸೆಂಟಿಮೀಟರಿನ ಮೀನಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿ ಎಷ್ಟೋ, 140 ಸೆಂಟಿಮೀಟರ್ ಎತ್ತರದ ಮಗುವಿಗೆ ಸುಮಾರು ಹನ್ನೊಂದು ಅಡಿ ಉದ್ದ, ಐದೂವರೆ ಅಡಿ ಅಗಲದ ಜಾಗ ಅಷ್ಟು. ಅಂಗಳದಲ್ಲಿ ಆ ಅಳತೆಯ ಚೌಕಟ್ಟು ಬರೆದು, ಗೆರೆ ದಾಟದೆ ಹತ್ತು ನಿಮಿಷ ನಡೆದಾಡಲಿ. ಆಮೇಲೆ ಆರು ಅಡಿ ತೊಟ್ಟಿಯ ಲೆಕ್ಕವನ್ನು ತಾನೇ ಮಾಡಲಿ. ಮೂವತ್ತಮೂರು ಮೂವತ್ತನಾಲ್ಕು ಅಡಿ ಉದ್ದ, ಹನ್ನೊಂದು ಅಡಿ ಅಗಲ ಬರುತ್ತದೆ. ಶಾಲೆಯ ಒಂದು ಕೊಠಡಿಯಷ್ಟು, ಅದೂ ಗಂಟೆ ಬಾರಿಸದ ಕೊಠಡಿ.

ಅಷ್ಟಾದ ಮೇಲೂ ಆರಡಿ ತೊಟ್ಟಿ, ಮರಳು, ಮುಚ್ಚಳ, ಆರು ವಾರದ ತಾಳ್ಮೆ, ಪ್ರತಿ ತಿಂಗಳ ಖರ್ಚು ಎಲ್ಲಕ್ಕೂ ಸಿದ್ಧರಿರುವ ಮನೆಯಲ್ಲಿ ಚಂದ್ರ ರ‍್ಯಾಸ್ ವರ್ಷಗಟ್ಟಲೆ ಬದುಕಬಹುದು. ಬೆಳೆದ ಮೇಲೆ ದೊಡ್ಡ ಮಗುವಿನ ಗಾತ್ರವಾಗುವ ಕ್ಲೌನ್ ಕೋರಿಸ್‌ಗಂತೂ ಯಾವ ಮನೆಯ ತೊಟ್ಟಿಯೂ ಸಾಲದು. ಲೆಕ್ಕ ಮಾಡಿದ ಮಗುವೇ 'ಬೇಡ ಬಿಡಿ, ರಾಮನಾಥಪುರಕ್ಕೆ ಹೋಗಿ ಬರೋಣ' ಎಂದರೆ ಅಪ್ಪ ಅಮ್ಮ ಬಸ್ಸಿನ ವೇಳೆ ವಿಚಾರಿಸುವುದು ಒಳ್ಳೆಯದು.